ಕಿವಿಗೆ ಬೇಡವಾದ ಸದ್ದು, ಮೈಗೆ ಬೇಕಾದ ಕಂಪನ

ಕುಕ್ಕರ್ ವಿಸಿಲ್ ಹಾಕಿದರೆ ಕಿವಿ ಮುಚ್ಚಿಕೊಂಡು ಒಳಗೆ ಓಡುವ ಮಗು, ವಾಷಿಂಗ್ ಮೆಷಿನ್ ತಿರುಗುವಾಗ ಮಾತ್ರ ಅದಕ್ಕೆ ಬೆನ್ನು ಒರಗಿಸಿ ಸುಮ್ಮನೆ ಕುಳಿತಿರುತ್ತದೆ. ಎಬ್ಬಿಸಿದರೆ ರಂಪ. ಆಟಿಸಂ ಇರುವ ಮಕ್ಕಳ ಹಲವು ತಾಯಂದಿರಿಗೆ ಇದು ಹೊಸದಲ್ಲ. "ಸದ್ದು ಆಗದು ಅಂತೀರಿ, ಮತ್ತೆ ಇದೇನು?" ಎಂದು ಮನೆಗೆ ಬಂದವರು ಕೇಳುವುದೂ ಉಂಟು. ಇದು ಮಗುವಿನ ಹಠವಲ್ಲ. ಸದ್ದು ನಮ್ಮನ್ನು ಕಿವಿಯಿಂದ ಮಾತ್ರವಲ್ಲ, ಚರ್ಮ ಮತ್ತು ಮೂಳೆಯ ಮೂಲಕವೂ ತಲುಪುತ್ತದೆ.

ಅಂಗೈಯನ್ನು ಎದೆಯ ಮೇಲಿಟ್ಟು, ಬಾಯಿ ಮುಚ್ಚಿ, ದಪ್ಪ ಸ್ವರದಲ್ಲಿ 'ಮ್‌ಮ್' ಎಂದು ಎಳೆದು ನೋಡಿ. ಕೈಗೆ ನಡುಕ ತಿಳಿಯುತ್ತದೆ. ಸ್ವರ ಏರಿಸಿದಂತೆ ಎದೆಯ ನಡುಕ ಕಡಿಮೆಯಾಗುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸಿತು ಎಂಬ ಲೆಕ್ಕವೇ ಹರ್ಟ್ಸ್. ನಮ್ಮ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ; ಚರ್ಮಕ್ಕೆ ತಿಳಿಯುವುದು ಹೆಚ್ಚೆಂದರೆ 1,000 ಹರ್ಟ್ಸ್‌ವರೆಗೆ. ಹಾಗಾಗಿ ಕೀರಲು ಸದ್ದು ಕಿವಿಯನ್ನು ಇರಿಯುತ್ತದೆ, ದಪ್ಪ ಸದ್ದು ಮೈಯನ್ನು ಮುಟ್ಟುತ್ತದೆ. ಬಾಲ್ಯದಲ್ಲೇ ಶ್ರವಣಶಕ್ತಿ ಕಳೆದುಕೊಂಡ ಬ್ರಿಟನ್ನಿನ ತಾಳವಾದ್ಯ ಕಲಾವಿದೆ ಎವೆಲಿನ್ ಗ್ಲೆನ್ನಿ ವೇದಿಕೆಯಲ್ಲಿ ಬರಿಗಾಲಲ್ಲಿ ನಿಲ್ಲುವುದು ಕಂಪನವನ್ನು ಪಾದದಿಂದ ಗ್ರಹಿಸಲೆಂದೇ.

ಇದನ್ನು ಚಿಕಿತ್ಸೆಯ ರೂಪಕ್ಕೆ ತಂದವರು ನಾರ್ವೆಯ ಶಿಕ್ಷಣತಜ್ಞ ಓಲಾವ್ ಸ್ಕಿಲ್ಲೆ. ತೀವ್ರ ಅಂಗವೈಕಲ್ಯವಿದ್ದ ಮಕ್ಕಳನ್ನು ಮೆತ್ತನೆಯ ಚೀಲದ ಮೇಲೆ ಮಲಗಿಸಿ, ಅದಕ್ಕೆ ತಾಗುವಂತೆ ಸ್ಪೀಕರ್ ಇಟ್ಟು ಅವರು ಆರಂಭಿಸಿದರು. ಇಂದು ಇದರ ಹೆಸರು ವೈಬ್ರೊಅಕೌಸ್ಟಿಕ್ ಥೆರಪಿ. ಒಳಗೆ ಸ್ಪೀಕರ್ ಅಳವಡಿಸಿದ ಹಾಸಿಗೆ ಅಥವಾ ಕುರ್ಚಿಯಿಂದ 30ರಿಂದ 120 ಹರ್ಟ್ಸ್‌ನ ದಪ್ಪ ಸ್ವರ ನಿಧಾನವಾಗಿ ಏರಿ ಇಳಿಯುತ್ತದೆ. ಜೊತೆಗೆ ಶಾಂತ ಸಂಗೀತ ಇರಬಹುದು. ಸಂಗೀತಕ್ಕೆ ಹಿಂಜರಿಯುವ ಮನೆಯವರು ಬರಿಯ ಸ್ವರ ಸಾಕೆಂದು ಹೇಳಬಹುದು. ಬ್ರಿಟನ್ನಿನಲ್ಲಿ ಟೋನಿ ವಿಗ್ರಾಮ್ ನಡೆಸಿದ ಅಧ್ಯಯನಗಳಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದವರ ಬಿಗಿದ ಸ್ನಾಯುಗಳು ಬರಿಯ ಸಂಗೀತಕ್ಕಿಂತ ಇದರಿಂದ ಹೆಚ್ಚು ಸಡಿಲವಾದವು.

ಆದರೆ "ಈ ಹಾಸಿಗೆ ಕೊಂಡರೆ ಮಗು ಮಾತಾಡುತ್ತದೆ" ಎನ್ನುವವರ ಮುಂದೆ ಪರ್ಸ್ ತೆಗೆಯಬೇಡಿ. ಆಟಿಸಂ ಇರುವ ಮಕ್ಕಳ ಮೇಲೆ ಕಂಪನ ಚಿಕಿತ್ಸೆಯ ಅಧ್ಯಯನಗಳು ಇನ್ನೂ ಸಣ್ಣವು. ಸಂಗೀತ ಚಿಕಿತ್ಸೆಯ ಬಗ್ಗೆ ದೊಡ್ಡ ಪರೀಕ್ಷೆಯೇ ನಡೆದಿದೆ: ಒಂಬತ್ತು ದೇಶಗಳಲ್ಲಿ, 4ರಿಂದ 7 ವರ್ಷದ 364 ಮಕ್ಕಳು. 2017ರಲ್ಲಿ ಬಂದ ಅದರ ವರದಿಯಂತೆ, ಐದು ತಿಂಗಳ ನಂತರ ಆಟಿಸಂನ ಮುಖ್ಯ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 26 ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2022ರ ಕೊಕ್ರೇನ್ ವಿಮರ್ಶೆ ಸ್ವಲ್ಪ ಆಶಾದಾಯಕ: ಒಟ್ಟಾರೆ ಸುಧಾರಣೆ ಮತ್ತು ಜೀವನದ ಗುಣಮಟ್ಟದಲ್ಲಿ ಪ್ರಯೋಜನವಿರುವ ಸಾಧ್ಯತೆ ಇದೆ ಎಂದಿತು. ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು: ಬಿಗಿದ ಮೈ ಸಡಿಲವಾಗಲು ನೆರವಾಗಬಹುದು, ಒಂದು ಗಂಟೆ ನೆಮ್ಮದಿ ಸಿಗಬಹುದು. ರಾತ್ರಿಯಿಡೀ ಮಗುವಿನೊಂದಿಗೆ ಎಚ್ಚರವಿದ್ದವರಿಗೆ ಆ ಒಂದು ಗಂಟೆಯ ಬೆಲೆ ಗೊತ್ತು.

ಎಚ್ಚರಿಕೆಗಳೂ ಇವೆ. ಆಟಿಸಂ ಇರುವವರಲ್ಲಿ ಅಪಸ್ಮಾರ ಹೆಚ್ಚು. ಫಿಟ್ಸ್ ಬಂದಿದ್ದರೆ ನರರೋಗ ತಜ್ಞರನ್ನು ಕೇಳದೆ ಮುಂದುವರಿಯಬೇಡಿ. ಪೇಸ್‌ಮೇಕರ್ ಇದ್ದವರಿಗೆ, ರಕ್ತಸ್ರಾವ ಅಥವಾ ಹೊಸ ಗಾಯವಿದ್ದವರಿಗೆ ಇದು ಬೇಡ. ಎಲ್ಲಕ್ಕಿಂತ ಮುಖ್ಯ, ನಿಲ್ಲಿಸುವ ಅಧಿಕಾರ ಮಗುವಿನದಾಗಿರಲಿ. ಮಾತು ಬಾರದ ಮಗು ಕೈ ಎತ್ತಿದರೆ, ಎದ್ದು ಹೋದರೆ, ಮೈ ಬಿಗಿಹಿಡಿದರೆ ಸ್ವರ ತಕ್ಷಣ ನಿಲ್ಲಬೇಕು. "ಅಭ್ಯಾಸವಾಗುತ್ತದೆ, ಹಿಡಿದುಕೊಳ್ಳಿ" ಎನ್ನುವ ಥೆರಪಿಸ್ಟ್ ಬಳಿ ಎರಡನೇ ಸಲ ಹೋಗಬೇಡಿ.

ಮನೆಯಲ್ಲಿ ದುಡ್ಡಿಲ್ಲದೆ ಮಾಡಬಹುದಾದದ್ದೂ ಇದೆ. ಸಣ್ಣ ಮಗುವಾದರೆ ಅದರ ಬೆನ್ನು ನಿಮ್ಮ ಎದೆಗೆ ತಾಗುವಂತೆ ಕೂರಿಸಿಕೊಂಡು ದಪ್ಪ ಸ್ವರದಲ್ಲಿ ಗುನುಗಿ. ಅಪ್ಪನ ಸ್ವರ ಇದಕ್ಕೆ ಇನ್ನೂ ಒಳ್ಳೆಯದು. ಹದಿನೈದರ ಹುಡುಗನನ್ನು ಮಡಿಲಲ್ಲಿ ಕೂರಿಸಲಾಗದು. ದಫ್ ಇದ್ದರೆ ಅದರ ಚರ್ಮಕ್ಕೆ ಅವನು ಅಂಗೈ ತಾಗಿಸಿರಲಿ, ನೀವು ಅಂಚಿನಲ್ಲಿ ಮೆಲ್ಲಗೆ, ಒಂದೇ ಲಯದಲ್ಲಿ ತಟ್ಟಿ. ಸ್ಪೀಕರಿಗೆ ಕಿವಿ ಒತ್ತಲು ಮಾತ್ರ ಬಿಡಬೇಡಿ. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 75 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ.

ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. ಹೋಗುವ ಮೊದಲು ಒಂದು ವಾರ ಪುಸ್ತಕದಲ್ಲಿ ಬರೆದಿಡಿ: ಯಾವ ಸದ್ದಿಗೆ ಮಗು ಓಡುತ್ತದೆ, ಯಾವುದಕ್ಕೆ ಹತ್ತಿರ ಬರುತ್ತದೆ, ಎಷ್ಟು ಹೊತ್ತು ಕೂರುತ್ತದೆ, ಆಮೇಲೆ ನಿದ್ದೆ ಹೇಗಿತ್ತು. ವಾಷಿಂಗ್ ಮೆಷಿನ್ನಿನ ಸಂಗತಿಯನ್ನೂ ನಾಚಿಕೆಪಡದೆ ಬರೆಯಿರಿ. ವೈದ್ಯರಿಗೆ ಅದು ಕೆಲಸಕ್ಕೆ ಬರುವ ಮಾಹಿತಿ.