ತೊಟ್ಟಿಯ ನೀರು ಚೆಲ್ಲಿದ ಸೇನಾ ವೈದ್ಯ

ನಿಮ್ಮ ಮನೆಯ ಹಿತ್ತಲಲ್ಲಿ ಒಂದು ಹಳೆಯ ಬಕೆಟ್ ಅಥವಾ ಮುಚ್ಚಳವಿಲ್ಲದ ಡ್ರಮ್ ಇದ್ದರೆ ಒಮ್ಮೆ ಬಗ್ಗಿ ನೋಡಿ. ನಿಂತ ನೀರಿನಲ್ಲಿ ಸಣ್ಣ ಹುಳುಗಳು ಕುಣಿಯುತ್ತಿರಬಹುದು. 1883ರಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದ ಒಬ್ಬ ತರುಣ ಸೇನಾ ವೈದ್ಯರು ತಮ್ಮ ಬಂಗಲೆಯ ಕಿಟಕಿಯ ಹೊರಗಿನ ತೊಟ್ಟಿಯಲ್ಲಿ ಕಂಡದ್ದೂ ಇದನ್ನೇ. ಅವರು ತೊಟ್ಟಿಯನ್ನು ಮಗುಚಿದರು, ಕೋಣೆಯಲ್ಲಿ ಸೊಳ್ಳೆ ಕಡಿಮೆಯಾಯಿತು. ಅಧಿಕಾರಿಗಳ ಊಟದ ಮನೆಯ ಸುತ್ತಲಿನ ಪಾತ್ರೆಗಳನ್ನೂ ಬರಿದು ಮಾಡೋಣವೆಂದಾಗ ಮೇಲಿನವರು ಒಪ್ಪಲಿಲ್ಲ. ಅದು ಪ್ರಕೃತಿಯ ಕ್ರಮವನ್ನು ಕೆಡಿಸಿದಂತೆ ಎಂದರು.

ಆ ವೈದ್ಯರೇ ರೊನಾಲ್ಡ್ ರಾಸ್. 1857ರ ಮೇ 13ರಂದು ಅಲ್ಮೋರಾದಲ್ಲಿ ಹುಟ್ಟಿದವರು, ತಂದೆ ಸೇನಾಧಿಕಾರಿ. ಕವಿಯಾಗುವ, ಚಿತ್ರ ಬಿಡಿಸುವ ಆಸೆಯಿದ್ದರೂ ತಂದೆಯ ಒತ್ತಾಯಕ್ಕೆ ಮಣಿದು ವೈದ್ಯಕೀಯ ಓದಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು. ಮುಂದೆ ರಜೆಯಲ್ಲಿ ಇಂಗ್ಲೆಂಡಿಗೆ ಹೋದಾಗ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದರು. ಸಿಪಾಯಿಗಳ ಆರೋಗ್ಯವೂ ಊರಿನ ನೈರ್ಮಲ್ಯವೂ ಬೇರೆಬೇರೆಯಲ್ಲ ಎಂಬುದು ಅವರಿಗೆ ಮನವರಿಕೆಯಾಗಿತ್ತು. 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ಹರಡಿದಾಗ ಊರಿನ ನೈರ್ಮಲ್ಯದ ಕೆಲಸಕ್ಕೆ ಅವರನ್ನೇ ಕಳುಹಿಸಲಾಯಿತು.

ಆಗ ಚಳಿಜ್ವರದ ಕಾರಣ ಯಾರಿಗೂ ಪೂರ್ತಿ ತಿಳಿದಿರಲಿಲ್ಲ. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. ನಮ್ಮ ಯುನಾನಿ ಹಕೀಮರು ದಿನ ಬಿಟ್ಟು ದಿನ ಬರುವ ಜ್ವರವನ್ನು ‘ಹುಮ್ಮಾ ಗಿಬ್’ ಎಂದೂ ಎರಡು ದಿನ ಬಿಟ್ಟು ಬರುವುದನ್ನು ‘ಹುಮ್ಮಾ ರಿಬಾ’ ಎಂದೂ ಚೆನ್ನಾಗಿ ಗುರುತಿಸಿದ್ದರು. ಆದರೆ ಅವರೂ ಕಾರಣವನ್ನು ಸಫ್ರಾ, ಸೌದಾ ಎಂಬ ಪಿತ್ತಗಳಲ್ಲಿ ಹುಡುಕಿದರು. 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲಾವೆರನ್ ರೋಗಿಯ ರಕ್ತದಲ್ಲಿ ರೋಗಾಣುವನ್ನು ಕಂಡರು. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹೇಗೆ ಎಂಬುದು ಉಳಿದ ಪ್ರಶ್ನೆ. ಸೊಳ್ಳೆಯ ಮೇಲೆ ಕಣ್ಣಿಡಿ ಎಂದು ರಾಸ್‌ಗೆ ಹೇಳಿದವರು ಲಂಡನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್.

ಎರಡು ವರ್ಷ ಹಲವಾರು ಸೊಳ್ಳೆಗಳನ್ನು ಸೀಳಿ ನೋಡಿದರೂ ಏನೂ ಸಿಗಲಿಲ್ಲ, ಏಕೆಂದರೆ ನೋಡುತ್ತಿದ್ದದ್ದು ಬೇರೆ ಜಾತಿಯವನ್ನು. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಚುಕ್ಕೆ ರೆಕ್ಕೆಯ ಸೊಳ್ಳೆಗಳು ಸಿಕ್ಕವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಸೊಳ್ಳೆಗೊಂದು ಆಣೆಯಂತೆ ಹಣ ಪಡೆದು ತಮ್ಮ ಮೈಯನ್ನು ಕಚ್ಚಿಸಿಕೊಂಡರು. ಸೀಳಿದ ಸೊಳ್ಳೆ ಹಾರಿಹೋಗದಿರಲೆಂದು ಪಂಖಾ ಕೂಡ ಬೀಸಿಸುವಂತಿರಲಿಲ್ಲ. ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರೋಗಾಣುವಿನ ಗುರುತು ಕಂಡಿತು. ಆ ದಿನವನ್ನೇ ಇಂದು ಸೊಳ್ಳೆ ದಿನವೆಂದು ಆಚರಿಸುತ್ತಾರೆ.

ಸ್ವಲ್ಪ ದಿನಗಳಲ್ಲೇ ಅವರಿಗೆ ವರ್ಗವಾಗಿ ಕೆಲಸ ನಿಂತಿತು. ಮರುವರ್ಷ ಕಲ್ಕತ್ತಾದಲ್ಲಿ ಸಹಾಯಕ ಮುಹಮ್ಮದ್ ಬಕ್ಷ್ ಜೊತೆಗೂಡಿ ಹಕ್ಕಿಗಳ ಮಲೇರಿಯಾವನ್ನು ಪರೀಕ್ಷಿಸಿ, ರೋಗಾಣು ಸೊಳ್ಳೆಯ ಜೊಲ್ಲುಗ್ರಂಥಿಗೆ ಬಂದು ಕಚ್ಚಿದಾಗ ಹರಡುತ್ತದೆಂದು ತೋರಿಸಿದರು. ಮನುಷ್ಯರ ವಿಷಯದಲ್ಲಿ ಇದನ್ನು ಅದೇ ವರ್ಷ ಇಟಲಿಯ ವೈದ್ಯರು ಪೂರ್ಣಗೊಳಿಸಿದರು. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಹುಸೇನ್ ಖಾನ್, ಮುಹಮ್ಮದ್ ಬಕ್ಷ್ ಅವರ ಹೆಸರನ್ನು ಎಷ್ಟು ಜನ ಬಲ್ಲರು? ನಿಮ್ಮ ಮಕ್ಕಳಿಗಾದರೂ ಹೇಳಿ.

ಸಂಶೋಧನೆಯ ನಂತರವೂ ರಾಸ್ ಸುಮ್ಮನೆ ಕೂರಲಿಲ್ಲ. ಸಿಯೆರಾ ಲಿಯೋನ್, ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಾ, ಮಾರಿಷಸ್ ಹೀಗೆ ಹಲವೆಡೆ ಅವರು ಹೇಳಿದ್ದು ಒಂದೇ ಮಾತು: ನಿಂತ ನೀರನ್ನು ಬರಿದು ಮಾಡಿ. ಇಸ್ಮಾಯಿಲಿಯಾದಲ್ಲಿ ಆ ಮಾತಿನಂತೆ ನಡೆದು ಕೆಲವೇ ವರ್ಷಗಳಲ್ಲಿ ಮಲೇರಿಯಾ ಬಹಳ ಮಟ್ಟಿಗೆ ಇಳಿಯಿತು. ಮೊದಲ ಮಹಾಯುದ್ಧದಲ್ಲಿ ಸೇನೆಗೆ ಮಲೇರಿಯಾ ಸಲಹೆಗಾರರಾಗಿ ದುಡಿದ ಅವರು 1932ರಲ್ಲಿ ತೀರಿಕೊಂಡರು.

ಈಗ ನಿಮ್ಮ ಪಾಲಿನ ಕೆಲಸ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಡ್ರಮ್, ಕೂಲರ್, ಹೂಕುಂಡದ ತಟ್ಟೆ ಎಲ್ಲವನ್ನೂ ಬರಿದು ಮಾಡಿ, ಉಜ್ಜಿ ಒಣಗಿಸಿ. ನಗರಗಳಲ್ಲಿ ಮಲೇರಿಯಾ ಸೊಳ್ಳೆ ಬೆಳೆಯುವುದು ಶುದ್ಧ ನೀರಿನಲ್ಲೇ. ಹಾಗಾಗಿ ಬಾವಿ, ಸಂಪು, ಮೇಲಿನ ಟ್ಯಾಂಕಿನ ಬಾಯಿ ಬಿಗಿಯಾಗಿ ಮುಚ್ಚಿರಲಿ. ಅದು ಕಚ್ಚುವುದು ರಾತ್ರಿ, ಸೊಳ್ಳೆ ಪರದೆ ಕಟ್ಟಿಕೊಂಡು ಮಲಗಿ.

ನಡುಗುವ ಚಳಿಯೊಂದಿಗೆ ಜ್ವರ ಬಂದರೆ ಕಷಾಯ ಕುಡಿದು ದಿನ ಕಳೆಯಬೇಡಿ. ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಮೊದಲು ರಕ್ತಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಮಲೇರಿಯಾ ಇದ್ದರೆ ಕೊಟ್ಟ ಮಾತ್ರೆಗಳನ್ನು ಜ್ವರ ಬಿಟ್ಟ ಮೇಲೂ ಮುಗಿಯುವವರೆಗೆ ನುಂಗಿ. ಗರ್ಭಿಣಿಯರು ಮತ್ತು ಪುಟ್ಟ ಮಕ್ಕಳ ವಿಷಯದಲ್ಲಂತೂ ಒಂದು ದಿನವೂ ತಡ ಮಾಡುವಂತಿಲ್ಲ.