ಕಾರಿಗೊಂದು ಕಾಫಿ ಅಂಗಡಿ

ಕಾಫಿ ಕುಡಿಯಲು ಬಂದವನ ಕಣ್ಣು ಲೋಟದ ಮೇಲಿರದೆ ಕಿಟಕಿಯಾಚೆ ನಿಂತ ಕಾರಿನ ಮೇಲೆಯೇ ನೆಟ್ಟಿರುತ್ತದೆ. ಗೋಡೆಯ ತುಂಬ ಹಳೆಯ ಸ್ಟಿಯರಿಂಗ್ ಚಕ್ರಗಳು, ಕಪಾಟಿನಲ್ಲಿ ಬೆರಳುದ್ದದ ಆಟಿಕೆ ಕಾರುಗಳು, ಮೂಲೆಯಲ್ಲಿ ದಶಕಗಳ ಹಿಂದಿನ ಮೋಟಾರು ಪತ್ರಿಕೆಗಳ ರಾಶಿ. ‘ಏನು ಕೊಡಲಿ?’ ಎಂಬ ಪ್ರಶ್ನೆಗಿಂತ ಮೊದಲು ‘ಯಾವ ಗಾಡಿಯಲ್ಲಿ ಬಂದಿರಿ?’ ಎಂಬ ಮಾತು ಬಂದರೂ ಆಶ್ಚರ್ಯವಿಲ್ಲ. ಜಪಾನಿನಲ್ಲಿ ಕಾರುಪ್ರೇಮಿಗಳಿಗೆಂದೇ ಇರುವ ಕೆಫೆಗಳ ಚಿತ್ರ ಇದು.

ಹೊರಗಿನವರಿಗೆ ಇದು ಗಿರಾಕಿಗಳನ್ನು ಸೆಳೆಯುವ ಒಂದು ತಂತ್ರದಂತೆ ಕಾಣಬಹುದು. ಕಾಫಿಗೂ ಕಾರಿಗೂ ಎತ್ತಣಿಂದೆತ್ತ ಸಂಬಂಧ ಎಂದು ನಗಲೂಬಹುದು. ಆದರೆ ಈ ಕೆಫೆಗಳ ಹಿಂದೆ ಎರಡು ಚರಿತ್ರೆಗಳಿವೆ. ಒಂದು, ಜಪಾನಿನ ಕಾಫಿ ಅಂಗಡಿಯದು. ಇನ್ನೊಂದು, ಆ ದೇಶದಲ್ಲಿ ಕಾರನ್ನು ಸಾಕುವ ಕಷ್ಟದ್ದು. ಎರಡನ್ನೂ ಕೂಡಿಸಿ ನೋಡಿದರೆ ಕಾಫಿಯ ಪಕ್ಕಕ್ಕೆ ಕಾರು ಬಂದದ್ದೇಕೆ ಎಂಬುದು ತಿಳಿಯುತ್ತದೆ.

ಮನೆಯಲ್ಲಿ ಹಿಡಿಯದ್ದು

ಜಪಾನಿಯರು ಕಾಫಿ ಅಂಗಡಿಯನ್ನು ಕಿಸ್ಸಾತೆನ್ ಎನ್ನುತ್ತಾರೆ. ಚಹಾ ಕುಡಿಯುವ ಅಂಗಡಿ ಎಂಬುದು ಆ ಪದದ ಅರ್ಥ. ಟೋಕಿಯೊ ನಗರದ ಉಯೆನೊ ಭಾಗದಲ್ಲಿ 1888ರಲ್ಲಿ ತೆಯ್ ಎಯ್‌ಕೆಯ್ ಎಂಬಾತ ಆರಂಭಿಸಿದ್ದೇ ಆ ದೇಶದ ಮೊದಲ ನಿಜವಾದ ಕಾಫಿ ಅಂಗಡಿ ಎನ್ನಲಾಗುತ್ತದೆ. ಅಲ್ಲಿ ಕಾಫಿಯಷ್ಟೇ ಅಲ್ಲ, ಓದಲು ಪತ್ರಿಕೆ, ಪುಸ್ತಕಗಳಿದ್ದವು, ಆಡಲು ಬಿಲಿಯರ್ಡ್ಸ್ ಇತ್ತು. ಅಂಗಡಿ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಆದರೆ ಕಾಫಿಯ ನೆಪದಲ್ಲಿ ಬೇರೇನನ್ನೋ ಒದಗಿಸುವ ಕಲ್ಪನೆ ಮಾತ್ರ ಉಳಿಯಿತು.

ಅದು ಸ್ಪಷ್ಟವಾಗಿ ಫಲಿಸಿದ್ದು ಸಂಗೀತದಲ್ಲಿ. ಟೋಕಿಯೊದ ಶಿಬುಯಾದಲ್ಲಿ 1926ರಲ್ಲಿ ಶುರುವಾದ ‘ಲಯನ್’ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಮೀಸಲಾಯಿತು. ಯೊಕೊಹಾಮಾದಲ್ಲಿ 1933ರಲ್ಲಿ ಬಾಗಿಲು ತೆರೆದ ‘ಚಿಗುಸಾ’ ಜಾಝ್ ಕೇಳುವವರ ತಾಣವಾಯಿತು. ವಿದೇಶದಿಂದ ಬರುವ ಗ್ರಾಮಫೋನ್ ತಟ್ಟೆಗಳು ಆಗ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ. ಕೊಂಡರೂ ಮರದ ತೆಳು ಗೋಡೆಯ ಮನೆಗಳಲ್ಲಿ ಗಟ್ಟಿಯಾಗಿ ಹಾಕಿದರೆ ನೆರೆಯವರ ನಿದ್ದೆ ಕೆಡುತ್ತಿತ್ತು. ಒಂದು ಬಟ್ಟಲು ಕಾಫಿಗೆ ದುಡ್ಡು ಕೊಟ್ಟರೆ ಗಂಟೆಗಟ್ಟಲೆ ಕೂತು ಕೇಳಬಹುದಿತ್ತು. ಇಂತಹ ಕೆಲವು ಅಂಗಡಿಗಳಲ್ಲಿ ಮಾತನಾಡುವುದಕ್ಕೂ ನಿಷೇಧವಿತ್ತು.

ಇಲ್ಲಿ ಕಾಫಿಯ ಬೆಲೆ ಎಂದರೆ ಕೂರುವ ಜಾಗದ ಬಾಡಿಗೆ. ಮನೆಯಲ್ಲಿ ಹಿಡಿಯದ ಪ್ರೀತಿಯೊಂದನ್ನು ಅಂಗಡಿಯಲ್ಲಿಟ್ಟು ಹತ್ತು ಜನ ಹಂಚಿಕೊಳ್ಳುವ ಏರ್ಪಾಡು ಇದು. ಮುಂದೆ ಸಾವಿರಾರು ಚಿತ್ರಕಥೆಗಳನ್ನು ಓದಲು ಮಾಂಗಾ ಕೆಫೆಗಳು ಬಂದವು. ಪ್ರಾಣಿ ಸಾಕಲು ಅನುಮತಿಯಿಲ್ಲದ ಬಾಡಿಗೆ ಮನೆಗಳಲ್ಲಿ ಇರುವವರಿಗೆ ಬೆಕ್ಕಿನ ಕೆಫೆಗಳು ಬಂದವು. ಕಾರಿನ ಕೆಫೆಯೂ ಇದೇ ವಂಶದ ಕುಡಿ.

ಹಳೆಯ ಕಾರಿನ ಭಾರ

ಗ್ರಾಮಫೋನ್ ತಟ್ಟೆಗಿಂತ ಕಾರು ದೊಡ್ಡದು. ಅದಕ್ಕೆ ತಕ್ಕಂತೆ ತೊಡಕುಗಳೂ ದೊಡ್ಡವು. ಜಪಾನಿನಲ್ಲಿ 1962ರಲ್ಲೇ ಬಂದ ಕಾನೂನಿನಂತೆ, ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ತನಗೆ ಜಾಗವಿದೆ ಎಂದು ತೋರಿಸಬೇಕು. ಇದಕ್ಕೆ ಪೊಲೀಸರ ಪ್ರಮಾಣಪತ್ರ ಬೇಕು. ಆ ಜಾಗ ಮನೆಯಿಂದ ಎರಡು ಕಿಲೋಮೀಟರ್ ಒಳಗೇ ಇರಬೇಕು. ಪುಟ್ಟ ಕಾರುಗಳಿಗೆ ಕೆಲವು ಕಡೆ ವಿನಾಯಿತಿ ಇದೆಯಾದರೂ, ದೊಡ್ಡ ನಗರಗಳಲ್ಲಿ ಕಾರಿಗಾಗಿ ತಿಂಗಳು ತಿಂಗಳೂ ಜಾಗದ ಬಾಡಿಗೆ ಕಟ್ಟುವವರು ಬಹಳ.

ಅಷ್ಟಕ್ಕೇ ಮುಗಿಯುವುದಿಲ್ಲ. ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆಯನ್ನು ಹೊಸ ಕಾರಿಗೆ ಮೂರು ವರ್ಷಕ್ಕೆ, ಆನಂತರ ಎರಡೆರಡು ವರ್ಷಕ್ಕೊಮ್ಮೆ ಮಾಡಿಸಬೇಕು. ಪೆಟ್ರೋಲ್ ಕಾರಿಗೆ ಹದಿಮೂರು ವರ್ಷ ದಾಟಿದರೆ ವಾರ್ಷಿಕ ತೆರಿಗೆ ಸುಮಾರು ಶೇ. 15ರಷ್ಟು ಏರುತ್ತದೆ. ಹೊಗೆ ಕಡಿಮೆಯಾಗಲಿ, ಜನ ಹೊಸ ಕಾರಿಗೆ ಬದಲಾಗಲಿ ಎಂಬುದು ಸರ್ಕಾರದ ಉದ್ದೇಶ. ಆದರೆ ಹಳೆಯ ಕಾರನ್ನು ಪ್ರೀತಿಸುವವನಿಗೆ ಇದು ಪ್ರೀತಿಯ ಮೇಲೆ ಹಾಕಿದ ದಂಡದಂತೆ. ಸಣ್ಣ ಸಂಬಳದ ತರುಣನೊಬ್ಬ ನಗರದಲ್ಲಿದ್ದುಕೊಂಡು ಮೂವತ್ತು, ನಲವತ್ತು ವರ್ಷ ಹಳೆಯ ಕಾರನ್ನು ಸಾಕುವುದು ಸುಲಭದ ಮಾತಲ್ಲ.

ಎಂಟು–ಆರರ ಕಥೆ

ಈ ಪ್ರೀತಿ ಎಂಥದೆಂದು ತಿಳಿಯಲು ಒಂದೇ ಒಂದು ಕಾರನ್ನು ನೋಡಿದರೆ ಸಾಕು. ಟೊಯೊಟಾ ಕಂಪನಿ 1983ರಲ್ಲಿ ಹೊರತಂದ ‘ಸ್ಪ್ರಿಂಟರ್ ಟ್ರುಯೆನೊ’ ಅದು. ಭಾರತದ ರಸ್ತೆಗೆ ಮಾರುತಿ 800 ಇಳಿದದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. ಬಿಡದಿಯ ಕಾರ್ಖಾನೆಯಿಂದಾಗಿ ಟೊಯೊಟಾ ಎಂದರೆ ಕುಟುಂಬವನ್ನು ಹೊತ್ತೊಯ್ಯುವ ದೊಡ್ಡ ಗಾಡಿ ಎಂದೇ ತಿಳಿದಿರುವ ಕನ್ನಡಿಗರಿಗೆ ಈ ಕಾರು ಅಪರಿಚಿತ. 1587 ಸಿ.ಸಿ. ಎಂಜಿನ್, ಹಗುರ ಮೈ, ಅಗ್ಗದ ಬೆಲೆ. ಕಂಪನಿಯ ಒಳಸಂಕೇತ ಎಇ86. ಜನ ಅದನ್ನು ‘ಹಾಚಿ–ರೊಕು’, ಅಂದರೆ ಎಂಟು–ಆರು ಎಂದು ಕರೆದರು.

ಆ ಹೊತ್ತಿಗೆ ಸಣ್ಣ ಕಾರುಗಳೆಲ್ಲ ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೆ ಕೊಡುವ ವಿನ್ಯಾಸಕ್ಕೆ ಬದಲಾಗುತ್ತಿದ್ದವು. ಹಾಚಿ–ರೊಕು ಮಾತ್ರ ಹಿಂದಿನ ಚಕ್ರಗಳಿಂದಲೇ ಓಡುತ್ತಿತ್ತು. ಇಂತಹ ಕಾರಿನ ಹಿಂಭಾಗವನ್ನು ತಿರುವಿನಲ್ಲಿ ಬೇಕೆಂದೇ ಜಾರಿಸಿ, ಜಾರಿಕೆಯನ್ನು ಹತೋಟಿಯಲ್ಲಿಟ್ಟು ಸಾಗಬಹುದು. ಇದಕ್ಕೆ ‘ಡ್ರಿಫ್ಟ್’ ಎಂದು ಹೆಸರು. ಕೆಯಿಚಿ ತ್ಸುಚಿಯಾ ಎಂಬ ಓಟಗಾರ ಈ ಕಲೆಯಿಂದಲೇ ಡ್ರಿಫ್ಟ್ ದೊರೆ ಎನಿಸಿಕೊಂಡ.

ಕಾರಿನ ತಯಾರಿಕೆ 1987ರಲ್ಲಿ ನಿಂತಿತು. ಎಲ್ಲ ಕಾರುಗಳಂತೆ ಇದೂ ಮರೆತುಹೋಗಬೇಕಿತ್ತು. ಆದರೆ ಶುಇಚಿ ಶಿಗೆನೊ 1995ರಲ್ಲಿ ‘ಇನಿಶಿಯಲ್ ಡಿ’ ಎಂಬ ಚಿತ್ರಕಥೆ ಆರಂಭಿಸಿದರು. 2013ರವರೆಗೆ ನಡೆದ ಅದು 48 ಸಂಪುಟಗಳಾಯಿತು. ನಾಯಕ ತಕುಮಿ ಫುಜಿವಾರಾ ತೋಫು ಅಂಗಡಿಯವನ ಮಗ. ಸೋಯಾ ಹಾಲಿನಿಂದ ಮಾಡುವ ಮೆದುವಾದ ತೋಫುವನ್ನು ಬೆಳಗಿನ ಜಾವ ಬೆಟ್ಟದ ಹೋಟೆಲಿಗೆ ಹಳೆಯ ಹಾಚಿ–ರೊಕುವಿನಲ್ಲಿ ಒಯ್ಯುತ್ತಾನೆ. ಸರಕು ಮುರಿಯಬಾರದೆಂದು ಅಪ್ಪ ಕಾರಿನಲ್ಲಿ ನೀರಿನ ಲೋಟವಿಡುತ್ತಾನೆ. ನೀರು ಚೆಲ್ಲದಂತೆ ಓಡಿಸಿ ಓಡಿಸಿಯೇ ಹುಡುಗ ಚತುರನಾಗುತ್ತಾನೆ. ಕಥೆಯ ಅಕಿನಾ ಬೆಟ್ಟಕ್ಕೆ ಮಾದರಿ ಗುನ್ಮಾ ಪ್ರಾಂತ್ಯದ ಹರುನಾ ಬೆಟ್ಟ.

ದುಬಾರಿ ಕಾರುಗಳನ್ನು ಬಡವನ ಕಾರು ಸೋಲಿಸುವ ಕಥೆ ಯಾರಿಗೆ ಬೇಡ? ಓದಿದವರೆಲ್ಲ ಹಾಚಿ–ರೊಕು ಹುಡುಕಿ ಹೊರಟರು. ಬೆಲೆ ಏರುತ್ತಲೇ ಹೋಯಿತು. ಈಗ ಸುಸ್ಥಿತಿಯಲ್ಲಿರುವ ಒಂದಕ್ಕೆ ಅದು ಹೊಸದಾಗಿದ್ದಾಗಿನ ಬೆಲೆಗಿಂತ ಹೆಚ್ಚು ತೆರಬೇಕು. ಅಗ್ಗದ ಕಾರೆಂದು ಹೊಗಳಿದ ಕಥೆಯೇ ಅದನ್ನು ತುಬಾರಿಯಾಗಿಸಿ ಹುಡುಗರ ಕೈತಪ್ಪಿಸಿತು. ಕೊಳ್ಳಲಾಗದವನಿಗೆ ಉಳಿದದ್ದು ಹೋಗಿ ನೋಡುವ, ಅದರ ಸದ್ದು ಕೇಳುವ, ಒಡೆಯನೊಡನೆ ಮಾತಾಡುವ ಭಾಗ್ಯ. ಕೆಫೆ ಒದಗಿಸುವುದು ಅದನ್ನೇ.

ಬೆಟ್ಟದಿಂದ ಮೇಜಿಗೆ

ಕಥೆಯಲ್ಲಿನ ಸಾಹಸ ನಿಜವಾದ ರಸ್ತೆಯಲ್ಲಿ ಅಪರಾಧ. ರಾತ್ರಿ ಬೆಟ್ಟದ ದಾರಿಗಳಲ್ಲಿ ಪಂದ್ಯ ಕಟ್ಟಿ ಓಡಿಸುವ ಚಾಳಿಯಿಂದ ಸ್ಥಳೀಯರು ನಿದ್ದೆಗೆಟ್ಟರು, ಅಪಘಾತಗಳೂ ಆದವು. ಹಲವು ತಿರುವುಗಳಲ್ಲಿ ವೇಗ ತಗ್ಗಿಸಲು ರಸ್ತೆಗೆ ಉಬ್ಬುಗಳನ್ನು ಹಾಕಬೇಕಾಯಿತು. ಓಡಿಸುವ ಹುಚ್ಚಿಗೆ ಕುಳಿತು ಮಾತಾಡುವ ಜಾಗವೊಂದು ಸಿಕ್ಕರೆ ಊರಿಗೂ ಕ್ಷೇಮ.

ಆ ಜಾಗ ಪಾನಗೃಹವಾಗದೆ ಕಾಫಿ ಅಂಗಡಿಯಾದದ್ದಕ್ಕೂ ಕಾರಣವುಂಟು. ಕಾರುಪ್ರೇಮಿ ಕಾರಿನಲ್ಲೇ ಬರುತ್ತಾನೆ, ಕಾರಿನಲ್ಲೇ ಹಿಂದಿರುಗಬೇಕು. ಜಪಾನಿನಲ್ಲಿ 2007ರಲ್ಲಿ ಬಿಗಿಯಾದ ಕಾನೂನಿನಂತೆ ಕುಡಿದು ಓಡಿಸಿದವನಿಗಷ್ಟೇ ಅಲ್ಲ, ಓಡಿಸುತ್ತಾನೆಂದು ತಿಳಿದೂ ಮದ್ಯ ಕೊಟ್ಟವನಿಗೂ, ತಿಳಿದೂ ಆ ಕಾರಿನಲ್ಲಿ ಕೇಳಿ ಕೂತವನಿಗೂ ಶಿಕ್ಷೆಯುಂಟು. ಹೀಗಿರುವಾಗ ಕಾಫಿಯಷ್ಟು ನಿರಪಾಯದ ಸಂಗಾತಿ ಬೇರಿಲ್ಲ.

ಕಂಪನಿಗಳೂ ಈ ನಂಟನ್ನು ಗುರುತಿಸಿವೆ. ಟೋಕಿಯೊದ ಗಿಂಜಾ ಚೌಕದಲ್ಲಿ 1963ರಿಂದಲೂ ಕಾರು ಪ್ರದರ್ಶಿಸುತ್ತಿದ್ದ ನಿಸ್ಸಾನ್, 2016ರಲ್ಲಿ ಹೊಸ ಕಟ್ಟಡದಲ್ಲಿ ತೆರೆದ ಮಳಿಗೆಯೊಳಗೆ ಕೆಫೆಯನ್ನೂ ಇಟ್ಟು, ಕಾಫಿಯ ನೊರೆಯ ಮೇಲೆ ತನ್ನ ಕಾರುಗಳ ಚಿತ್ರ ಮೂಡಿಸಿ ಕೊಟ್ಟಿತು. ಟೊಯೊಟಾ 2021ರಲ್ಲಿ ಹಾಚಿ–ರೊಕುವಿನ ಕೆಲವು ಬಿಡಿಭಾಗಗಳನ್ನು ಮತ್ತೆ ತಯಾರಿಸಿತು. 2023ರ ಜನವರಿಯಲ್ಲಿ ಅದೇ ಕಾರನ್ನು ವಿದ್ಯುತ್ತಿನಿಂದ ಒಂದು, ಜಲಜನಕದಿಂದ ಇನ್ನೊಂದು ಓಡುವಂತೆ ಮಾರ್ಪಡಿಸಿ ಪ್ರದರ್ಶಿಸಿತು. ಪೆಟ್ರೋಲಿನ ಕಾಲ ಮುಗಿದರೂ ಪ್ರೀತಿಯ ಕಾರನ್ನು ಗುಜರಿಗೆ ಹಾಕಬೇಕಿಲ್ಲ ಎಂಬುದು ಅದರ ಸೂಚನೆ.

ಎಲ್ಲವೂ ಹೀಗೆ ಉಳಿಯುವುದಿಲ್ಲ. ‘ಇನಿಶಿಯಲ್ ಡಿ’ ಕಥೆ 2005ರಲ್ಲಿ ಹಾಂಗ್‌ಕಾಂಗ್‌ನವರ ಚಲನಚಿತ್ರವಾದಾಗ ಗುನ್ಮಾದ ಶಿಬುಕಾವಾ ಊರಿನ ನಿಜವಾದ ತೋಫು ಅಂಗಡಿಯೊಂದು ಫುಜಿವಾರಾ ಅಂಗಡಿಯಾಗಿ ಕಾಣಿಸಿಕೊಂಡಿತ್ತು. ಆಮೇಲೆ ಆ ಕಟ್ಟಡವನ್ನು ಕೆಡವಿದರು. ಅದರ ಫಲಕ ಹರುನಾ ಬೆಟ್ಟದ ತಪ್ಪಲಲ್ಲಿರುವ ಇಕಾಹೊ ಆಟಿಕೆ, ಗೊಂಬೆ ಮತ್ತು ಕಾರು ಸಂಗ್ರಹಾಲಯ ಸೇರಿತು. ಅಲ್ಲಿ ಅಂಗಡಿಯ ಮುಂಭಾಗವನ್ನು ಮರುನಿರ್ಮಿಸಿ, ಎದುರಿಗೆ ಕಪ್ಪು–ಬಿಳುಪಿನ ಹಾಚಿ–ರೊಕು ನಿಲ್ಲಿಸಿದ್ದಾರೆ. ಕಥೆಯಲ್ಲಿ ಆ ಕಾರಿನ ಬಾಗಿಲ ಮೇಲೆ ಅಂಗಡಿಯ ಹೆಸರಿನೊಂದಿಗೆ ‘ಸ್ವಂತ ಬಳಕೆಗೆ’ ಎಂದು ಬರೆದಿದೆ. ಈಗ ಅದರ ಮುಂದೆ ನಿಂತು ನೋಡುವವರಲ್ಲಿ ಹೆಚ್ಚಿನವರಿಗೆ ಅಂಥ ಕಾರು ಸ್ವಂತಕ್ಕಿಲ್ಲ, ಮುಂದೆ ಸಿಗುವ ಭರವಸೆಯೂ ಇಲ್ಲ. ಒಬ್ಬನ ಕೊಟ್ಟಿಗೆಯಲ್ಲಿ ಹಿಡಿಯದ್ದನ್ನು ನಾಲ್ಕು ಜನರ ಕಣ್ಣಿಗೆ ಉಳಿಸಿಕೊಡುವ ಕೆಲಸವನ್ನು ಈ ಸಂಗ್ರಹಾಲಯದಂತೆಯೇ ಕಾರಿನ ಕೆಫೆಗಳೂ ಒಂದು ಬಟ್ಟಲು ಕಾಫಿಯ ಬೆಲೆಗೆ ಮಾಡುತ್ತಿವೆ.