ಆಂಪ್ಲಿಫೈಯರ್: ಕಟ್ಟುವುದೋ, ಕೊಳ್ಳುವುದೋ?

ಸಿಂಧನೂರು ತಾಲ್ಲೂಕಿನ ಜವಳಗೇರಾದಂಥ ಊರಿನಲ್ಲಿ ಜಾತ್ರೆಯಿರಲಿ, ಮೊಹರಂ ಇರಲಿ, ಬಯಲಾಟವಿರಲಿ, ಮೊದಲು ಹುಡುಕುವುದು ಮೈಕ್ ಸೆಟ್ಟನ್ನು. ಪ್ರತಿ ಸಲವೂ ಬಾಡಿಗೆ ಕೊಟ್ಟು ಬೇಸತ್ತ ಭಜನಾ ಮಂಡಳಿ ಸ್ವಂತಕ್ಕೊಂದು ಆಂಪ್ಲಿಫೈಯರ್ ಬೇಕೆಂದು ಹೊರಟರೆ ಎದುರಿಗೆ ಎರಡು ದಾರಿ. ಕಂಪೆನಿಯ ಸೆಟ್ ಕೊಳ್ಳುವುದು ಒಂದು. ಬಿಡಿಭಾಗ ತಂದು ಕಟ್ಟಿಕೊಳ್ಳುವುದು ಇನ್ನೊಂದು.

ಕಟ್ಟುವ ಹವ್ಯಾಸ ಹೊಸದಲ್ಲ. ಬ್ರಿಟನ್ನಿನ ಡಿ.ಟಿ.ಎನ್. ವಿಲಿಯಮ್ಸನ್ 1947ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ವಾಲ್ವ್ ಆಂಪ್ಲಿಫೈಯರಿನ ನಕ್ಷೆ ನೋಡಿ ಅನೇಕರು ಮನೆಯಲ್ಲೇ ಅದನ್ನು ಕಟ್ಟಿದರು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಬಿ.ಇ.ಎಲ್. 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ತಯಾರಿಸತೊಡಗಿತು. ಬೆಂಗಳೂರಿನ ಎಸ್.ಪಿ. ರಸ್ತೆ ಇಂಥ ಸಾಮಾನಿಗೆ ಇಂದಿಗೂ ಹೆಸರುವಾಸಿ.

ಆಂಪ್ಲಿಫೈಯರನ್ನು ಕಾಲುವೆಯ ತೂಬಿಗೆ ಹೋಲಿಸಬಹುದು. ಗೇಟು ಎತ್ತುವ ಕೈ ಒಂದೇ; ಗದ್ದೆಗೆ ಹರಿಯುವುದು ಕಾಲುವೆಯ ನೀರು. ಮೈಕಿನಿಂದ ಬರುವ ಕೆಲವೇ ಮಿಲಿವೋಲ್ಟ್ ಸಂಕೇತ ಆ ಕೈ ಇದ್ದಂತೆ. ಸ್ಪೀಕರನ್ನು ನಡುಗಿಸುವ ಶಕ್ತಿ ಬರುವುದು ಟ್ರಾನ್ಸ್‌ಫಾರ್ಮರಿನಿಂದ. ಆದ್ದರಿಂದ ಖರ್ಚೂ ಅಲ್ಲಿಯೇ ಹೆಚ್ಚು. ಐ.ಸಿ.ಯ ಬೆಲೆ ಅತಿ ಕಡಿಮೆ. ಟ್ರಾನ್ಸ್‌ಫಾರ್ಮರ್, ಶಾಖ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಮತ್ತು ಡಬ್ಬಿ ಸೇರಿದಾಗ ಲೆಕ್ಕ ಏರುತ್ತದೆ.

ಹಳ್ಳಿಯ ವೋಲ್ಟೇಜನ್ನೂ ಗಮನಿಸಬೇಕು. ಹವ್ಯಾಸಿಗಳ ಮೆಚ್ಚಿನ ಟಿಡಿಎ 2030 ಐ.ಸಿ. ತಾಳುವುದು ಧನ, ಋಣ ಎರಡೂ ಕಡೆ 18 ವೋಲ್ಟ್ ಮಾತ್ರ. 12-0-12 ಟ್ರಾನ್ಸ್‌ಫಾರ್ಮರ್ ಹಾಕಿದರೆ 230 ವೋಲ್ಟ್ ಇದ್ದಾಗ ಸುಮಾರು 16 ಬರುತ್ತದೆ. ರಾತ್ರಿ ಪಂಪ್‌ಸೆಟ್ಟುಗಳು ನಿಂತು ಲೈನು 260ಕ್ಕೆ ಏರಿದರೆ ಅದೇ 18 ದಾಟುತ್ತದೆ, ಐ.ಸಿ. ಸುಡಬಹುದು. 9-0-9 ಹಾಕಿದರೆ ಸದ್ದು ಸ್ವಲ್ಪ ಕಡಿಮೆ, ಆಯುಷ್ಯ ಹೆಚ್ಚು. ವ್ಯಾಟ್ ಅರ್ಧವಾದರೂ ಇಳಿಯುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ದೊಡ್ಡ ನಷ್ಟವಲ್ಲ.

ನಿಜವಾದ ತೊಡಕು ಇರುವುದು ತಂತಿಯಲ್ಲಿ. ಗುಡಿಯಿಂದ 100 ಮೀಟರ್ ದೂರದ ಸ್ಪೀಕರಿಗೆ ಮುಕ್ಕಾಲು ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ, ಹೋಗಿ ಬರುವ ದಾರಿಯ ರೋಧ ಸುಮಾರು 4.6 ಓಮ್. ಸ್ಪೀಕರ್ 4 ಓಮಿನದಾದರೆ ಹೊರಟ ಶಕ್ತಿಯ ಅರ್ಧಕ್ಕಿಂತ ಹೆಚ್ಚು ತಂತಿಯನ್ನು ಬಿಸಿ ಮಾಡುವುದರಲ್ಲೇ ಕಳೆಯುತ್ತದೆ. ಕಂಪೆನಿಯ ಮೈಕ್ ಸೆಟ್ಟುಗಳಲ್ಲಿ ಇದಕ್ಕೆಂದೇ 100 ವೋಲ್ಟ್ ಲೈನ್ ಇರುತ್ತದೆ. ವೋಲ್ಟೇಜ್ ಹೆಚ್ಚಿ ಕರೆಂಟ್ ತಗ್ಗುವುದರಿಂದ 20 ವ್ಯಾಟಿನ ಹಾರ್ನಿಗೆ ಅದೇ ತಂತಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟೇ ನಷ್ಟ.

ಸುರಕ್ಷತೆಯ ಮಾತೂ ಇದೆ. ಭಜನೆಯಲ್ಲಿ ಮೈಕ್ ಕೈಯಿಂದ ಕೈಗೆ ಹೋಗುತ್ತದೆ, ಮಕ್ಕಳೂ ಹಿಡಿಯುತ್ತಾರೆ. ಫ್ಯೂಸ್ ಇಲ್ಲದ, ಡಬ್ಬಿಗೆ ಅರ್ಥಿಂಗ್ ಕೊಡದ ಸೆಟ್ಟಿನಲ್ಲಿ ಉಳಿದ ದುಡ್ಡು ಒಂದು ಜೀವಕ್ಕೆ ಸಮನಲ್ಲ.

ಇಂದು ಕಡಿಮೆ ಬಿಸಿಯಾಗುವ ‘ಕ್ಲಾಸ್ ಡಿ’ ಬೋರ್ಡುಗಳು ಜೋಡಿಸಿದ ಸ್ಥಿತಿಯಲ್ಲೇ ಸಿಗುತ್ತವೆ. ಕಟ್ಟುವ ಕೆಲಸ ಹಗುರಾಗಿದೆ. ಆದರೆ ತಂತಿಯ ಲೆಕ್ಕ ಬದಲಾಗಿಲ್ಲ. ಮನೆಯ ಪಡಸಾಲೆಗೆ ಹಾಡು ಕೇಳಲು ಕಟ್ಟುವುದು ಲಾಭ. ಕೆಟ್ಟರೆ ಕಟ್ಟಿದವರೇ ಸರಿಪಡಿಸಿಯಾರು. ಊರಿಗೆಲ್ಲ ಕೇಳಿಸಬೇಕಾದ ಮಂಡಳಿಗೆ ಮಾತ್ರ ಕೊಳ್ಳುವುದೇ ಅಗ್ಗ.